ಮೊದಲು ಸಿಪಾಯಿಗೆ, ಕೊನೆಗೆ ಕೂಸಿಗೆ

ಆರು ತಿಂಗಳ ಕೂಸಿಗೆ ಫ್ಲೂ ಇಂಜೆಕ್ಷನ್ ಹಾಕಿಸಿ ಎಂದು ಮಕ್ಕಳ ಡಾಕ್ಟರು ಹೇಳಿದರೆ ಮನೆಯ ಅಜ್ಜಿ ಹುಬ್ಬೇರಿಸುತ್ತಾರೆ: 'ನೆಗಡಿಗೂ ಸೂಜಿಯಾ?' ಅಜ್ಜಿಯನ್ನು ನೋಡಿ ನಗುವಂತಿಲ್ಲ. ಲಸಿಕೆ ಕಂಡುಹಿಡಿದವರೂ ಎಳೆಯ ಮಕ್ಕಳ ಕಡೆ ತಿರುಗಿ ನೋಡಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತೆಗೆದುಕೊಂಡರು.

ಫ್ಲೂ ವೈರಸ್ ಲಂಡನ್ನಿನ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು 1933ರಲ್ಲಿ. ಅದನ್ನು ಕೋಳಿಮೊಟ್ಟೆಯೊಳಗೆ ಬೆಳೆಸುವುದು ಕರಗತವಾದ ಮೇಲೆ, ಥಾಮಸ್ ಫ್ರಾನ್ಸಿಸ್ ಮತ್ತು ಜೋನಾಸ್ ಸಾಲ್ಕ್ (ಮುಂದೆ ಪೋಲಿಯೊ ಲಸಿಕೆಯಿಂದ ಹೆಸರಾದ ಸಾಲ್ಕ್ ಇವರೇ) ಅಮೆರಿಕದ ಸೈನ್ಯಕ್ಕೆಂದು ಲಸಿಕೆ ತಯಾರಿಸಿದರು. 1945ರಲ್ಲಿ ಅದು ಜನಸಾಮಾನ್ಯರಿಗೂ ಬಂತು. ಎರಡೇ ವರ್ಷದಲ್ಲಿ ವೈರಸ್ ವೇಷ ಬದಲಿಸಿ ಲಸಿಕೆಯನ್ನು ನಿಷ್ಪ್ರಯೋಜಕ ಮಾಡಿತು. ವರ್ಷವರ್ಷವೂ ಹೊಸ ಲಸಿಕೆ ಎಂಬ ತಾಪತ್ರಯದ ಬೇರು ಅಲ್ಲಿದೆ. ಇಡೀ ವೈರಸ್ಸನ್ನು ಕೊಂದು ಮಾಡಿದ ಆ ಮದ್ದು ಮಕ್ಕಳ ಮೈಗೆ ಒಗ್ಗದೆ ಜ್ವರ ಬರಿಸುತ್ತಿತ್ತು. ವೈರಸ್ಸನ್ನು ಒಡೆದು ಚೂರುಗಳನ್ನಷ್ಟೇ ಬಳಸುವ ವಿಧಾನ ಬಂದ ಮೇಲೆ ಜ್ವರದ ಕಾಟ ತಗ್ಗಿತು.

ಜಪಾನ್ ಮಾತ್ರ 1962ರಿಂದಲೇ ಶಾಲಾಮಕ್ಕಳಿಗೆ ಲಸಿಕೆ ಹಾಕಿತು, 1994ರಲ್ಲಿ ಕೈಬಿಟ್ಟಿತು. ಲಸಿಕೆಯಿದ್ದ ವರ್ಷಗಳಲ್ಲಿ ಮುದುಕರ ಸಾವು ಕಡಿಮೆಯಿತ್ತೆಂದು 2001ರ ಒಂದು ಲೆಕ್ಕಾಚಾರ ತೋರಿಸಿತು. ಮಕ್ಕಳ ಲಸಿಕೆ ಉಳಿದವರನ್ನೂ ಕಾಯುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಸಿಕ್ಕಿದ್ದು ಕೆನಡಾದ ಹಟರೈಟ್ ಪಂಥದವರಲ್ಲಿ. ಹೊರಗಿನವರೊಡನೆ ಬಳಕೆ ಕಡಿಮೆಯಿರುವ, ಕೂಡಿ ಉಣ್ಣುವ, ಕೂಡಿ ಉಳುವ ಜನ ಅವರು. 49 ವಸಾಹತುಗಳ ಪೈಕಿ ಕೆಲವಲ್ಲಿ ಮಕ್ಕಳಿಗೆ ಫ್ಲೂ ಲಸಿಕೆ, ಉಳಿದವಲ್ಲಿ ಹೆಪಟೈಟಿಸ್ ಎ ಲಸಿಕೆ ಹಾಕಿದರು. ಫ್ಲೂ ಲಸಿಕೆಯ ವಸಾಹತುಗಳಲ್ಲಿ, ಲಸಿಕೆ ಹಾಕಿಸಿಕೊಳ್ಳದವರಿಗೂ ಶೇ. 61ರಷ್ಟು ರಕ್ಷಣೆ ದಕ್ಕಿತ್ತು. ಫಲಿತಾಂಶ ಸೊಗಸಾದದ್ದೇ. ಆದರೂ ಇಲ್ಲೆಲ್ಲ ಮಗು ಬರಿಯ ಬೇಲಿ, ಬೆಳೆ ಬೇರೆಯವರದು.

ಮಗುವೇ ಬೆಳೆಯಾದದ್ದು 2003-04ರ ಚಳಿಗಾಲದ ನಂತರ. ಆ ಒಂದೇ ಹಂಗಾಮಿನಲ್ಲಿ ಅಮೆರಿಕದಲ್ಲಿ 153 ಮಕ್ಕಳು ಫ್ಲೂಗೆ ಬಲಿಯಾದದ್ದು ದಾಖಲಾಯಿತು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಮೊದಲಿಂದ ಯಾವ ಕಾಯಿಲೆಯೂ ಇರಲಿಲ್ಲ. 2004ರಲ್ಲಿ 6ರಿಂದ 23 ತಿಂಗಳವರಿಗೆ, 2008ರ ಹೊತ್ತಿಗೆ ಹದಿನೆಂಟರವರೆಗಿನ ಎಲ್ಲರಿಗೂ ಲಸಿಕೆಯ ಶಿಫಾರಸು ಅಲ್ಲಿ ಬಂತು. ಹಾದಿ ನೇರವಾಗಿರಲಿಲ್ಲ. 2010ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಲಸಿಕೆಯಿಂದ ಐದರೊಳಗಿನ ಮಕ್ಕಳಿಗೆ ಜ್ವರದ ಫಿಟ್ಸ್ ಬಂದು, ಲಸಿಕೆ ಹಾಕುವುದನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಮೂಗಿಗೆ ಸಿಂಪಡಿಸುವ ಲಸಿಕೆ, ಉಬ್ಬಸದ ಭಯದಿಂದ, ಎರಡು ವರ್ಷ ತುಂಬದವರಿಗೆ ಇಂದಿಗೂ ಇಲ್ಲ.

ಇನ್ನು ಆರು ತಿಂಗಳೂ ತುಂಬದ ಹಸುಗೂಸು? ಅದಕ್ಕೆ ಯಾವ ಫ್ಲೂ ಲಸಿಕೆಯೂ ಇಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದು ಢಾಕಾದಲ್ಲಿ, ಅದೂ ಅಡ್ಡದಾರಿಯಲ್ಲಿ. 2004-05ರಲ್ಲಿ ಅಲ್ಲಿನ ಸಂಶೋಧಕರು 340 ಗರ್ಭಿಣಿಯರಲ್ಲಿ ಪರೀಕ್ಷಿಸಲು ಹೊರಟದ್ದು ನ್ಯುಮೋಕಾಕಲ್ ಲಸಿಕೆಯನ್ನು. ಹೋಲಿಕೆಯ ಗುಂಪಿಗೆ ಬರಿ ನೀರು ಚುಚ್ಚುವ ಬದಲು ಫ್ಲೂ ಲಸಿಕೆ ಕೊಟ್ಟಿದ್ದರು. ಕೊನೆಗೆ ಕಣ್ಣಿಗೆ ಬಿದ್ದದ್ದು ಆ ಗುಂಪೇ: ಅವರ ಕೂಸುಗಳಲ್ಲಿ, ಆರು ತಿಂಗಳು ತುಂಬುವವರೆಗೆ, ಖಚಿತಪಟ್ಟ ಫ್ಲೂ ಶೇ. 63ರಷ್ಟು ಕಡಿಮೆ. ತಾಯಿಯ ರಕ್ತದ ಪ್ರತಿಕಾಯಗಳು ಮಾಸು (ಪ್ಲಾಸೆಂಟಾ) ದಾಟಿ ಕೂಸಿಗೆ ಹೋಗಿದ್ದವು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರನ್ನು ಫ್ಲೂ ಲಸಿಕೆಯ ಸಾಲಿನ ಮುಂದಕ್ಕೆ ತಂದಿತು.

ಭಾರತದಲ್ಲಿ ಮಕ್ಕಳ ವೈದ್ಯರ ಸಂಘ 6 ತಿಂಗಳಿಂದ 5 ವರ್ಷದವರೆಗೆ ಪ್ರತಿವರ್ಷ ಹಾಕಿಸಿ ಎನ್ನುತ್ತದೆ. ವೈರಸ್ಸಿನ ಪರಿಚಯವೇ ಇಲ್ಲದ ಮೈಗೆ ಒಂದು ಡೋಸ್ ಸಾಲದು. ಹಾಗಾಗಿ ಮೊದಲ ಬಾರಿ ನಾಲ್ಕು ವಾರದ ಅಂತರದಲ್ಲಿ ಎರಡು. ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಇದಿಲ್ಲ, ಅಂಗನವಾಡಿಯಲ್ಲಿ ಸಿಗುವುದಿಲ್ಲ, ಖಾಸಗಿ ಕ್ಲಿನಿಕ್ಕಿನಲ್ಲಿ ಸಾವಿರ ರೂಪಾಯಿ ದಾಟುತ್ತದೆ. ಪಶ್ಚಿಮದ ಪುಸ್ತಕಗಳಲ್ಲಿ ಫ್ಲೂ ಚಳಿಗಾಲದ ರೋಗ. ನಮ್ಮಲ್ಲಿ ಅದು ಹೆಚ್ಚಾಗಿ ಏರುವುದು ಮಳೆಯೊಂದಿಗೆ. ಆದ್ದರಿಂದ ಮುಂಗಾರಿಗೆ ಮೊದಲೇ ಹಾಕಿಸಬೇಕು. ಜೂನ್ ಮೊದಲ ಮಳೆಗೆ ಹುಟ್ಟಿದ ಕೂಸಿಗೆ ಡಿಸೆಂಬರ್‌ವರೆಗೆ ಸೂಜಿಯ ಸರದಿಯಿಲ್ಲ. ಬಸುರಿಯಾಗಿದ್ದಾಗ ತಾಯಿ ಹಾಕಿಸಿಕೊಂಡಿದ್ದರೆ ಸರಿ. ಇಲ್ಲವಾದರೆ ಆ ಮಳೆಗಾಲವಿಡೀ ಕೆಮ್ಮುವ ನೆಂಟರನ್ನು ತೊಟ್ಟಿಲಿನಿಂದ ದೂರ ಕೂರಿಸಬೇಕು, ಅಜ್ಜಿಯನ್ನೂ ಸೇರಿಸಿ.