ಮೂರನೆಯ ದೇಶದ ಹಾದಿ: ಅಡಿಕೆ ಆಮದು, ಸುಂಕ ತಪ್ಪಿಸುವಿಕೆ ಮತ್ತು ತರೀಕೆರೆ ಸೀಮೆಯ ಬೆಳೆಗಾರ

ಹೊರದೇಶದ ಕಂಪನಿಗಳ ಮೂಲಕ ನಡೆಯುವ ತೆರಿಗೆ ತಪ್ಪಿಸುವಿಕೆಯ ಬಿಸಿ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಿಗೆ ತಟ್ಟುವುದು ಅಡಿಕೆ ಮಂಡಿಯ ಮೂಲಕ. ಲಕ್ಕವಳ್ಳಿಯ ಭದ್ರಾ ಜಲಾಶಯದ ಆಸುಪಾಸಿನ ತೋಟವಾಗಲಿ, ಕೊಳವೆಬಾವಿ ನಂಬಿದ ಬಯಲುಸೀಮೆಯ ತೋಟವಾಗಲಿ, ರಾಶಿ ಅಡಿಕೆಯ ಧಾರಣೆ ಕುಸಿದರೆ ಬೆಳೆಗಾರನಿಗೂ ಫಸಲನ್ನು ಗುತ್ತಿಗೆ ಹಿಡಿದ ಚೇಣಿದಾರನಿಗೂ ಏಟು ಬೀಳುತ್ತದೆ. ಈ ಧಾರಣೆಗೆ ಎರಡು ಕಾವಲುಗಳಿವೆ: ಶೇ 100ರ ಮೂಲ ಆಮದು ಸುಂಕ ಮತ್ತು 2023ರ ಫೆಬ್ರುವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ ಕನಿಷ್ಠ ಆಮದು ಬೆಲೆ. ಇವೆರಡನ್ನೂ ದಾಟುವ ಬಗೆಯನ್ನು ಈ ಲೇಖನ ಪರಿಶೀಲಿಸುತ್ತದೆ.

ಮೊದಲನೆಯದು ಮೂಲದೇಶದ ಮರೆಮಾಚುವಿಕೆ. ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ 2000ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಇಂಡೊನೇಷ್ಯಾದಲ್ಲಿ ಬೆಳೆದ ಅಡಿಕೆಗೆ ಶ್ರೀಲಂಕಾದ ಮೂಲ ಪ್ರಮಾಣಪತ್ರ ಅಂಟಿಸಿದರೆ ಸುಂಕ ವಿನಾಯಿತಿ ದಕ್ಕುತ್ತದೆ. ಎರಡನೆಯದು ಬೆಲೆಯ ಆಟ. ನಿಜವಾಗಿ 200 ರೂಪಾಯಿ ಬಾಳುವ ಅಡಿಕೆಗೆ 351 ರೂಪಾಯಿಯ ಬಿಲ್ಲು ಬರೆಸಿದರೆ ಕನಿಷ್ಠ ಬೆಲೆಯ ಷರತ್ತು ಪೂರೈಸಿದಂತಾಯಿತು. ಉಳಿದ 151 ರೂಪಾಯಿ ಮಾರಾಟಗಾರನ ವಿದೇಶಿ ಖಾತೆ ಸೇರುತ್ತದೆ. ಆ ಮಾರಾಟಗಾರ ಆಮದುದಾರನ ಬೇನಾಮಿ ಕಂಪನಿಯೇ ಆಗಿದ್ದರೆ ಹಣ ಹೊರಗೆ ಸುರಕ್ಷಿತ, ಅಗ್ಗದ ಮಾಲು ಒಳಗೆ.

ತೆರಿಗೆ ಉಳಿಸಲು ಮಾರಿಷಸ್ ಕಂಪನಿಗಳ ಮೂಲಕ ಭಾರತಕ್ಕೆ ಬರುತ್ತಿದ್ದ ಹೂಡಿಕೆಗೂ ಈ ಅಡಿಕೆ ಹಾದಿಗೂ ವ್ಯತ್ಯಾಸವುಂಟು. 1982ರ ಭಾರತ–ಮಾರಿಷಸ್ ತೆರಿಗೆ ಒಪ್ಪಂದದ ಲಾಭ ಪಡೆಯುವುದು ಕಾನೂನುಬಾಹಿರವಲ್ಲವೆಂದು ಸುಪ್ರೀಂ ಕೋರ್ಟ್ 2003ರ ಆಜಾದಿ ಬಚಾವೋ ಆಂದೋಲನ್ ಪ್ರಕರಣದಲ್ಲಿ ಹೇಳಿತ್ತು. ಸುಳ್ಳು ಮೂಲ ಪ್ರಮಾಣಪತ್ರವಾದರೋ ನೇರ ವಂಚನೆ. ಆದರೂ ಎರಡರ ಬುಡ ಒಂದೇ: ಸಂಪತ್ತು ಹುಟ್ಟಿದ ಜಾಗಕ್ಕಿಂತ ಕಾಗದ ಹುಟ್ಟಿದ ಜಾಗಕ್ಕೆ ಮನ್ನಣೆ. ಕಾನೂನು ಎರಡೂ ಕಡೆ ತಡವಾಗಿ ಎಚ್ಚೆತ್ತಿತು. ಮಾರಿಷಸ್ ಒಪ್ಪಂದ 2016ರಲ್ಲಿ ತಿದ್ದುಪಡಿಯಾಯಿತು. ತೆರಿಗೆ ತಪ್ಪಿಸುವಿಕೆ ತಡೆಯ ಸಾಮಾನ್ಯ ನಿಯಮಗಳು 2017ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಅಡಿಕೆಯಂಥ ಸರಕಿಗೆ ಸಂಬಂಧಿಸಿ, 2020ರಲ್ಲಿ ಸೀಮಾಸುಂಕ ಕಾಯ್ದೆಗೆ ಸೇರಿದ 28ಡಿಎ ಕಲಮು ಪ್ರಮಾಣಪತ್ರವೊಂದೇ ಸಾಲದು, ಮೂಲದ ಮಾಹಿತಿಯನ್ನು ಆಮದುದಾರನೇ ಹೊಂದಿರಬೇಕು ಎಂದಿತು.

ಉಳಿದಿರುವ ಕೊರತೆ ವಸೂಲಿಯದು. ಆಸ್ತಿಯಿಲ್ಲದ ಹೆಸರಿಗಷ್ಟೇ ಇರುವ ಸಂಸ್ಥೆಗೆ ನೋಟಿಸು ಕೊಟ್ಟರೆ ಖಜಾನೆಗೆ ಏನೂ ಬಾರದು. ಅಷ್ಟರಲ್ಲಿ ಮಾಲು ಪೇಟೆಯಲ್ಲಿ ಕರಗಿರುತ್ತದೆ, ಬೆಳೆಗಾರನ ನಷ್ಟವನ್ನು ಯಾವ ದಂಡವೂ ತುಂಬಿಕೊಡದು. ಆದ್ದರಿಂದ ಸಂಶಯಾಸ್ಪದ ಸರಕನ್ನು ಪೂರ್ಣ ಸುಂಕದ ಭದ್ರತೆಯಿಲ್ಲದೆ ಬಿಡಬಾರದು, ಆಮದು ಸಂಸ್ಥೆಗಳ ನಿಜವಾದ ಮಾಲೀಕರ ಹೆಸರು ಬಹಿರಂಗವಾಗಬೇಕು. ಅಡಿಕೆ ಸಹಕಾರ ಸಂಘಗಳು ಆಮದು ಸುಂಕದ ಏರಿಕೆಯಷ್ಟೇ ಗಟ್ಟಿಯಾಗಿ ಈ ಎರಡನ್ನೂ ಕೇಳಬೇಕು.