ಲಕೋಟೆಯೊಳಗಿನ ಭತ್ತದ ಕಾಳು



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ. ಕರಾವಳಿಯ ನಮ್ಮ ಕುಟುಂಬಗಳಿಗೆ ಇದೇ ತೆನೆ ಹಬ್ಬ, ಮೊಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಬಾಲೆ ಮರಿಯಳ ಪಾದಕ್ಕೆ ಹೂ ಅರ್ಪಿಸುತ್ತಾರೆ. ಹಬ್ಬದಂದು ಗುರುಗಳು ಆಶೀರ್ವದಿಸಿದ ಹೊಸ ತೆನೆ ಮನೆಮನೆಗೂ ಬರುತ್ತದೆ. ಮನೆಯ ಹಿರಿಯರು ಅದರ ಕಾಳು ಸುಲಿದು, ಪುಡಿಮಾಡಿ, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ದೂರದಲ್ಲಿರುವವರನ್ನೂ ಮರೆಯುವುದಿಲ್ಲ. ಮುಂಬಯಿ, ಗಲ್ಫ್ ದೇಶಗಳಲ್ಲಿ ದುಡಿಯುವ ಮಕ್ಕಳಿಗೆ ಆ ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸುವ ಪದ್ಧತಿ ನಮ್ಮಲ್ಲಿತ್ತು.

ಒಮ್ಮೆ ಮನೆ ಭೇಟಿಗೆ ಹೋದಾಗ ಹಳೆಯ ಮನೆಯೊಂದನ್ನು ಕೆಡವುವ ಸಿದ್ಧತೆ ನಡೆದಿತ್ತು. ಜಗಲಿಯಲ್ಲಿ ಗುಜರಿಗೆ ಹಾಕಲು ರಾಶಿ ಹಾಕಿದ್ದ ಸಾಮಾನು: ಗೆದ್ದಲು ಹಿಡಿದ ದೇವರ ಪೀಠ, ಅಕ್ಕಿ ಅಳೆಯುವ ಸೇರು, ಮಣಿ ಉದುರಿದ ಜಪಸರ, ತಗಡಿನ ಟ್ರಂಕು. ಟ್ರಂಕಿನ ತಳದಲ್ಲಿ ಹಳದಿಗಟ್ಟಿದ ಲಕೋಟೆ, ಅದರೊಳಗೆ ಮೂರು ಭತ್ತದ ಕಾಳು. "ಇಲಿ ತಿನ್ನದೆ ಉಳಿದದ್ದೇ ಆಶ್ಚರ್ಯ" ಎಂದು ಮನೆಯ ಮಗ ನಕ್ಕರು. ಅವರ ವೃದ್ಧ ತಾಯಿ ನಗಲಿಲ್ಲ. ಮುಂಬಯಿಯಲ್ಲಿದ್ದ ಪತಿಗೆ ಅವರು ಕಳುಹಿಸಿದ್ದ ಕಾಳುಗಳವು. ಪತಿ ಬಿಡಾರ ಬದಲಿಸಿದ್ದರಿಂದ ಕಾಗದ ಹಿಂತಿರುಗಿ ಬಂದಿತ್ತು. ಆ ವರ್ಷ ಅವರಿಗೆ ಹೊಸ ಅಕ್ಕಿಯ ಪಾಲು ಸಿಗಲಿಲ್ಲವಲ್ಲಾ ಎಂಬ ನೋವಿನಿಂದ ಎಸೆಯಲಾರದೆ ಇಟ್ಟುಕೊಂಡಿದ್ದರು. ಇಷ್ಟು ವರ್ಷ ಮಗ ಕೇಳಿರಲಿಲ್ಲ, ತಾಯಿ ಹೇಳಿರಲಿಲ್ಲ.

ಆ ಮೂರು ಕಾಳಿನ ಹಿಂದೆ ನಮ್ಮೆಲ್ಲರ ಚರಿತ್ರೆಯಿದೆ. ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ 'ಮೋಂತೆ ಮರಿಯಾನೊ', ಅಂದರೆ ಮರಿಯಮ್ಮನವರ ಬೆಟ್ಟವಿದೆ. ಗೋವೆಯ ಗುರು ಫಾದರ್ ಜೋಕಿಂ ಮಿರಾಂದರು 1763ರಲ್ಲಿ ಈ ಹಬ್ಬವನ್ನು ಅಲ್ಲಿ ಆರಂಭಿಸಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಮೊಂತಿ ಎಂಬ ಹೆಸರು ಆ ಬೆಟ್ಟದಿಂದಲೇ ಬಂದದ್ದು. ಎರಡು ದಶಕ ಕಳೆಯುವಷ್ಟರಲ್ಲಿ ಪರೀಕ್ಷೆಯ ಕಾಲ ಬಂತು. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ 1784ರಲ್ಲಿ ಟಿಪ್ಪು ಸುಲ್ತಾನನ ಆಡಳಿತ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಯಿತು. ಚರ್ಚುಗಳು ನೆಲಸಮವಾದವು, ಗುರುಗಳು ಗಡೀಪಾರಾದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಇಂಗ್ಲಿಷರ ವಶವಾದ ಮೇಲೆ, ಬದುಕುಳಿದವರಲ್ಲಿ ಅನೇಕರು ಊರಿಗೆ ಮರಳಿದರು.

ಇದನ್ನು ನೆನೆಯುವುದು ಯಾರ ಮೇಲೂ ಹಗೆ ಸಾಧಿಸಲಿಕ್ಕಲ್ಲ. ಹದಿನೈದು ವರ್ಷಗಳ ಆ ಅವಧಿಯಲ್ಲಿ ಬಹುಪಾಲು ಜನರಿಗೆ ಚರ್ಚಿನ ಗಂಟೆಯೂ ಕೇಳಲಿಲ್ಲ, ಬಲಿಪೂಜೆಯೂ ದೊರೆಯಲಿಲ್ಲ. ಚರ್ಚನ್ನು ಹೊತ್ತುಕೊಂಡು ಹೋಗಲಾಗದು. ತಾಯಂದಿರ ನಾಲಗೆಯ ಮೇಲಿನ ಜಪ, ಕೈಗಳಿಗೆ ಗೊತ್ತಿದ್ದ ಮನೆಯ ಪದ್ಧತಿ, ಇವನ್ನು ಮಾತ್ರ ಒಯ್ಯಬಹುದಿತ್ತು. ಮರಳಿ ಬಂದವರು ಮತ್ತೆ ಚರ್ಚು ಕಟ್ಟಿದರು, ಗದ್ದೆ ಉತ್ತರು. ಆದುದರಿಂದಲೇ ಇಂದಿಗೂ ನಮ್ಮ ಬಟ್ಟಲಲ್ಲಿ ಹೊಸ ಅಕ್ಕಿಯಿದೆ.

ಮರುಭೂಮಿಯಲ್ಲಿ ದೇವರು ಇಸ್ರಯೇಲರಿಗೆ ಮನ್ನ ಉಣಿಸಿದರು. ಅದರಲ್ಲಿ ಒಂದು ಪಾತ್ರೆಯಷ್ಟನ್ನು ಮುಂದಿನ ಪೀಳಿಗೆಗಾಗಿ ತೆಗೆದಿಡಿರೆಂದು ಆಜ್ಞಾಪಿಸಿದರು. ಅದು ತಿನ್ನಲಿಕ್ಕಲ್ಲ, ತೋರಿಸಿ ಹೇಳಲಿಕ್ಕೆ. ಲೂಕರ ಶುಭಸಂದೇಶದಲ್ಲಿ ಮರಿಯಮ್ಮನವರೂ ನಡೆದದ್ದನ್ನೆಲ್ಲ ಹೃದಯದಲ್ಲಿ ಜೋಪಾನ ಮಾಡಿದ ತಾಯಿ.

ಹಳೆಯದೆಲ್ಲ ಪವಿತ್ರವೆಂದು ನಾವು ಹೇಳುವುದಿಲ್ಲ. ಕಥೆ ಹೇಳುವವರಿಲ್ಲದ ವಸ್ತು ನಿಜಕ್ಕೂ ಗುಜರಿಯೇ. ಗುರುಗಳಾದ ನಾವೂ ಈ ತಪ್ಪಿಗೆ ಹೊರತಲ್ಲ. ಚರ್ಚಿನ ದುರಸ್ತಿಯ ಹೆಸರಿನಲ್ಲಿ ಹಿರಿಯರು ಕಾಣಿಕೆ ಕೊಟ್ಟ ಎಷ್ಟೋ ವಸ್ತುಗಳನ್ನು, ಯಾರದೆಂದು ವಿಚಾರಿಸದೆ ಹೊರಹಾಕಿದ್ದೇವೆ. ಆದುದರಿಂದ ಈ ಹಬ್ಬದಂದು ಊಟಕ್ಕೆ ಕೂರುವ ಮುನ್ನ ಮನೆಯ ಒಂದು ಹಳೆಯ ವಸ್ತುವನ್ನು ಹಿರಿಯರ ಕೈಗೆ ಕೊಡೋಣ. ಅದು ಯಾರದು, ಹೇಗೆ ಬಂತು ಎಂದು ಮಕ್ಕಳು ಕೇಳಲಿ. ಹೇಳುವವರು ನಮ್ಮ ನಡುವೆ ಎಂದೆಂದಿಗೂ ಇರುವುದಿಲ್ಲ.

ಆ ಕುಟುಂಬದ ಹೊಸ ಮನೆಯ ಆಶೀರ್ವಾದಕ್ಕೆ ಹೋದಾಗ ತಾಯಿ ದೇವರ ಪಾದ ಸೇರಿದ್ದರು. ಲಕೋಟೆ ದೇವರ ಪೀಠದ ಮೇಲಿತ್ತು. ಅದರ ಮೇಲೆ ತಂದೆತಾಯಿಯ ಹೆಸರನ್ನು ಮಗನೇ ತಮ್ಮ ಕೈಯಾರೆ ಬರೆದಿದ್ದರು.

ಮಾತೆ ಮರಿಯಮ್ಮನವರು ನಮ್ಮ ಮನೆಗಳನ್ನೂ ಮನೆಯ ನೆನಪುಗಳನ್ನೂ ಕಾಯಲಿ. ಎಲ್ಲರಿಗೂ ತೆನೆ ಹಬ್ಬದ ಶುಭಾಶಯಗಳು.