ಅಡ್ಡ ಬಿದ್ದ ಅಮ್ಮನ ಫೋಟೋ

ಅಮ್ಮ ಹೋದ ಮೇಲೆ ಗೋಡೆಗೆ ಹಾಕೋಕೆ ಒಂದು ದೊಡ್ಡ ಫೋಟೋ ಬೇಕಿತ್ತು. ಯಾವ್ದು ಅಂತ ಮನೇಲಿ ಯಾರೂ ಚರ್ಚೆನೇ ಮಾಡ್ಲಿಲ್ಲ. 2005ರ ಗೌರಿ ಹಬ್ಬದ ದಿನ ನಮ್ಮ ಕಗ್ಗದಾಸಪುರದ ಮನೆ ಹೊಸಿಲ ಮೇಲೆ ಬಾಗಿನದ ಮೊರ ಹಿಡ್ಕೊಂಡು ಕೂತಿದ್ದಾರಲ್ಲ, ಅದೇ. ಆಗ ನಮ್ಮ ರಸ್ತೆಗೆ ಟಾರೂ ಬಿದ್ದಿರ್ಲಿಲ್ಲ. ಯಜಮಾನ್ರು ಅದೇ ವರ್ಷ ಡಿಜಿಟಲ್ ಕ್ಯಾಮೆರಾ ತಂದಿದ್ರು, 2 ಮೆಗಾಪಿಕ್ಸೆಲ್ಲಿಂದು. ಅವತ್ತು ಕ್ಯಾಮೆರಾನ ಉದ್ದುದ್ದ ತಿರುಗಿಸಿ ತೆಗೆದಿದ್ರಿಂದ ಕಂಪ್ಯೂಟರಲ್ಲಿ ಅಮ್ಮ ಅಡ್ಡ ಮಲಗಿದಂಗೆ ಕಾಣ್ತಿದ್ರು.

ಪೆನ್ ಡ್ರೈವಿಗೆ ಹಾಕ್ಕೊಂಡು ಸ್ಟುಡಿಯೋಗೆ ಹೋದೆ. ಹುಡುಗ ದೊಡ್ಡದು ಮಾಡಿ ನೋಡ್ದ. ಒಂದ್ ನಿಮಿಷ ಸುಮ್ನಿದ್ದ. "ಆಂಟಿ, ಮುಖ ಚೌಕ ಚೌಕ ಆಗೋಗಿದೆ. ಇದ್ರ ಒರಿಜಿನಲ್ ಇದ್ಯಾ?" ಅಂದ. ಇದೇ ಒರಿಜಿನಲ್ ಕಣಪ್ಪಾ ಅಂದೆ. ತಲೆ ಅಲ್ಲಾಡಿಸ್ದ. ಅಮ್ಮನ ಕೆನ್ನೆ ಮೇಲೆ ಮೊಸಾಯಿಕ್ ನೆಲದ ಹಂಗೆ ಚಿಕ್ಕ ಚಿಕ್ಕ ಚೌಕಗಳು. ಮೂಗುಬೊಟ್ಟಿನ ಹೊಳಪು ಇದ್ದ ಜಾಗದಲ್ಲಿ ಬೂದು ಮಚ್ಚೆ.

ಹಾಳು ಮಾಡಿದ್ದು ನಾನೇ, ಒಪ್ಕೋತೀನಿ. ಆಗಿನ್ನೂ ಕಂಪ್ಯೂಟರ್ ಹೊಸದು. ಕ್ಯಾಮೆರಾ ಜೊತೆ ಬಂದ ಸಿಡೀಲಿ ಒಂದು ಪ್ರೋಗ್ರಾಮಿತ್ತು, ಫೋಟೋ ಮೇಲೆ ಎರಡು ಸಲ ಕುಟ್ಟಿದ್ರೆ ಅದೇ ತೆರ್ಕೊಳ್ಳೋದು. ಅಮ್ಮನ್ನ ನೆಟ್ಟಗೆ ಕೂರಿಸೋಣ ಅಂತ ಬಾಣದ ಗುರುತು ಒತ್ತಿದೆ, ತಲೆಕೆಳಗಾಯ್ತು. ಮತ್ತೆ ಒತ್ತಿದೆ. ಪ್ರತಿ ಸಲವೂ "ಸೇವ್ ಮಾಡ್ಲಾ" ಅಂತ ಕೇಳೋದು, ಹೂಂ ಅನ್ನೋದು. ಆಮೇಲೆ ಮಕ್ಕಳು ಅಜ್ಜೀನ ಗಿರಗಿಟ್ಲೆ ಆಡಿಸಿದ್ದು ಎಷ್ಟು ಸಲವೋ. 900 ಕೆಬಿ ಇದ್ದ ಫೈಲು 180 ಕೆಬಿಗೆ ಇಳಿದಿತ್ತು. ಫೋಟೋ ತಿರುಗಿಸಿದ್ರೆ ಸವೆಯುತ್ತೆ ಅಂತ ಯಾರಿಗ್ ಗೊತ್ತಿತ್ತು? ಕಾಗದದ ಫೋಟೋನ ನೂರು ಸಲ ತಿರುಗಿಸಿದ್ರೂ ಮುಖ ಮುಖವಾಗೇ ಇರ್ತಿತ್ತಲ್ಲ!

ಆ ಸಂಕಟಕ್ಕೆ ಕಾರಣ ಏನು ಅಂತ ಅಕ್ಕನ ಮಗನನ್ನ ಕೂರಿಸ್ಕೊಂಡು ಕೇಳ್ದೆ. ಅವನು ಹೇಳಿದ್ದರಲ್ಲಿ ಒಂದು ಸಂಗತಿ ಕೇಳಿ ನಾನು ಕಾಫಿ ಲೋಟ ಕೆಳಗಿಟ್ಟೆ. ಈ ಚೌಕಗಳ ಲೆಕ್ಕ ಹುಟ್ಟಿದ್ದು ನಮ್ಮ ಬೆಂಗಳೂರಿನವರ ತಲೇಲಿ. ಹೆಸರು ನಾಸಿರ್ ಅಹ್ಮದ್. 1940ರಲ್ಲಿ ಇಲ್ಲೇ ಹುಟ್ಟಿದವರು. ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿಸಿದ ಕೆ.ಆರ್. ಸರ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು, ಈಗ ನಾವು ಯುವಿಸಿಇ ಅಂತೀವಲ್ಲ, ಅಲ್ಲಿ ಓದಿ 1961ರಲ್ಲಿ ಪಾಸಾದ್ರು. ಆಮೇಲೆ ಅಮೆರಿಕಕ್ಕೆ ಹೋಗಿ ನ್ಯೂ ಮೆಕ್ಸಿಕೋದಲ್ಲಿ ಡಾಕ್ಟರೇಟ್ ಮಾಡಿ, ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟೀಲಿ ಮೇಷ್ಟ್ರಾದ್ರು.

ಅವರು 1972ರಲ್ಲಿ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್‌ಗೆ ಒಂದು ಅರ್ಜಿ ಹಾಕಿದ್ರು. ಕೊಸೈನ್ ಅಲೆಗಳಿಂದ ಚಿತ್ರದ ಮಾಹಿತೀನ ಕುಗ್ಗಿಸಬಹುದು ಅನ್ನೋದನ್ನ ಅಭ್ಯಾಸ ಮಾಡ್ತೀನಿ, ದುಡ್ಡು ಕೊಡಿ ಅಂತ. ಅರ್ಜಿ ತಿರಸ್ಕಾರ ಆಯ್ತು. ಇದು ತೀರಾ ಸುಲಭದ್ದು ಅನ್ನೋ ಆಕ್ಷೇಪಣೆಯಂತೆ! ಅವರು ಬಿಡ್ಲಿಲ್ಲ, 1973ರ ಬೇಸಿಗೆನ ಅದಕ್ಕೇ ಇಟ್ರು. ಟಿ. ನಟರಾಜನ್, ಕೆ.ಆರ್. ರಾವ್ ಅನ್ನೋ ಇನ್ನಿಬ್ಬರು ನಮ್ಮ ದೇಶದವರ ಜೊತೆ ಸೇರಿ 1974ರ ಜನವರೀಲಿ ಪ್ರಬಂಧ ಅಚ್ಚಾಯ್ತು. ಅದನ್ನೇ ಬುನಾದಿ ಮಾಡ್ಕೊಂಡು 1992ರಲ್ಲಿ ಜೆಪೆಗ್ ಅನ್ನೋ ಫೋಟೋ ಪದ್ಧತಿ ಬಂತು. ನಮ್ಮ ಫೋನಿಗೆ ಬರೋ ಗುಡ್ ಮಾರ್ನಿಂಗ್ ಹೂವುಗಳಲ್ಲಿ ಮುಕ್ಕಾಲುಪಾಲು ಅದೇ ಜೆಪೆಗ್. ವಿಡಿಯೋ ಕಾಲೂ ಅದೇ ಲೆಕ್ಕದ ಮೇಲೇ ನಡೆಯೋದು. 2021ರಲ್ಲಿ ಅಮೆರಿಕದ 'ದಿಸ್ ಈಸ್ ಅಸ್' ಅನ್ನೋ ಸೀರಿಯಲ್ಲಲ್ಲಿ ಅವರದ್ದೂ ಅವರ ಹೆಂಡತಿ ಎಸ್ತರ್ ಅವರದ್ದೂ ಕಥೆ ತೋರಿಸಿದ್ರಂತೆ. ಊರಿಗೆ ಊರೇ ಸಾಫ್ಟ್‌ವೇರ್ ಅಂತ ಕುಣಿಯುತ್ತೆ, ಈ ಹೆಸರಿನ ಒಂದು ರಸ್ತೆ ಬೋರ್ಡು ನಾನಂತೂ ನೋಡಿಲ್ಲ.

ಅವರ ಲೆಕ್ಕ ನಂಗೆ ಅರ್ಥವಾಗಿದ್ದು ಅಡುಗೆಮನೆ ದಾರೀಲಿ. ಜೆಪೆಗ್ ಫೋಟೋನ 8 ಚುಕ್ಕಿ ಅಗಲ, 8 ಚುಕ್ಕಿ ಉದ್ದದ ಚೌಕಗಳಾಗಿ ಕತ್ತರಿಸುತ್ತೆ, ರಂಗೋಲಿಗೆ ಚುಕ್ಕಿ ಇಟ್ಟಂಗೆ. ಕಂಪ್ಯೂಟರ್ ಹತ್ರ 64 ಮಸಾಲೆ ಡಬ್ಬಿ ಇದೆ ಅನ್ಕೊಳ್ಳಿ. ಒಂದೊಂದು ಡಬ್ಬೀಲಿ ಒಂದೊಂದು ಥರ ಅಲೆಯ ವಿನ್ಯಾಸ. ಪ್ರತಿ ಚೌಕಕ್ಕೂ ಮೊದಲನೇ ಡಬ್ಬಿಯಿಂದ ಎಷ್ಟು ಚಮಚ, ಎರಡನೇದ್ರಿಂದ ಎಷ್ಟು ಅಂತ ಚೀಟಿ ಬರೆದಿಡುತ್ತೆ. ಬಣ್ಣ ಬರೆದಿಡಲ್ಲ, ಚೀಟಿ ಮಾತ್ರ. ಬಹಳ ಡಬ್ಬಿಗಳಿಂದ ಬೇಕಾಗೋದು ಚಿಟಿಕೆಗಿಂತ ಕಮ್ಮಿ. ಅದನ್ನ ಸೊನ್ನೆ ಅಂತ ಬರ್ಕೊಂಡುಬಿಡುತ್ತೆ. ಫೈಲು ಚಿಕ್ಕದಾಗೋದೂ ಅಲ್ಲೇ, ನಷ್ಟ ಆಗೋದೂ ಅಲ್ಲೇ.

ನನ್ನ ಆ ಪ್ರೋಗ್ರಾಮು ಏನ್ ಮಾಡ್ತಿತ್ತು ಅಂದ್ರೆ, ಚೀಟಿ ನೋಡಿ ಅಡುಗೆ ಮಾಡಿ ಪೂರ್ತಿ ಚಿತ್ರ ಬಿಡಿಸೋದು, ತಿರುಗಿಸೋದು, ಆಮೇಲೆ ರುಚಿ ನೋಡಿ ಚೀಟೀನ ಮತ್ತೆ ಹೊಸದಾಗಿ ಬರೆಯೋದು. ಅದೂ ಗುಣಮಟ್ಟ ಇಳಿಸಿ ಬರೆಯೋದು. ಸಾರನ್ನ ಮತ್ತೆ ಮತ್ತೆ ಬಿಸಿ ಮಾಡಿದಂಗಾಯ್ತಲ್ಲ.

ನಷ್ಟವಿಲ್ಲದ ದಾರೀಲಿ ಅಡುಗೇನೇ ಇಲ್ಲ. ಚೌಕಗಳನ್ನ ಎತ್ತಿ ಹೊಸ ಜಾಗಕ್ಕೆ ಇಡೋದು. ಪ್ರತಿ ಚೌಕದ ಚೀಟೀಲಿ ಅಡ್ಡ ಅಲೆಯ ಅಳತೇನ ಉದ್ದ ಅಲೆ ಜಾಗಕ್ಕೆ, ಉದ್ದದ್ದನ್ನ ಅಡ್ಡಕ್ಕೆ ಬದಲಾಯಿಸೋದು, ಕೆಲವಕ್ಕೆ ಕೂಡೋ ಗುರುತಿದ್ದಲ್ಲಿ ಕಳೆಯೋ ಗುರುತು ಹಾಕೋದು. ಅಷ್ಟೇ ಕೆಲಸ. ಒಂದು ಸಾಸಿವೆ ಕಾಳೂ ಚೆಲ್ಲಲ್ಲ. 1998ರ ಮಾರ್ಚಲ್ಲೇ ಜೆಪೆಗ್‌ಟ್ರಾನ್ ಅನ್ನೋ ಪುಕ್ಕಟೆ ಪ್ರೋಗ್ರಾಮಿಗೆ ಈ ವಿದ್ಯೆ ಬಂದಿತ್ತಂತೆ, ನಾವು ಕ್ಯಾಮೆರಾ ತರೋಕೆ ಏಳು ವರ್ಷ ಮುಂಚೆ. ಇರ್ಫಾನ್‌ವ್ಯೂ ಅನ್ನೋ ಪುಕ್ಕಟೆ ಪ್ರೋಗ್ರಾಮಲ್ಲೂ ಇದೆ, ಅದ್ರ ಮೆನುವಲ್ಲಿ 'ಲಾಸ್‌ಲೆಸ್' ಅಂತ ಬರೆದಿರೋದನ್ನೇ ಒತ್ತಬೇಕು.

ಒಂದು ತೊಡಕಿದೆ. ಬಣ್ಣದ ವಿವರ ಅರ್ಧಕ್ಕೆ ಇಳಿಸಿರೋ ಫೋಟೋಗಳಲ್ಲಿ ಚೌಕಗಳು 16ಕ್ಕೆ 16ರ ಗುಂಪಾಗಿ ಹೋಗುತ್ವೆ. ಅಗಲ, ಎತ್ತರ ಎರಡೂ 16ರಿಂದ ಭಾಗವಾಗಬೇಕು. ನಮ್ಮ ಹಳೇ ಕ್ಯಾಮೆರಾದ್ದು 1600 ಮತ್ತು 1200, ಸರಿಯಾಗಿ 100 ಮತ್ತು 75 ಗುಂಪು. ಆಮೇಲೆ ತಗೊಂಡಿದ್ದರಲ್ಲಿ 2592 ಮತ್ತು 1944. ಈ 1944ರಲ್ಲಿ 121 ಗುಂಪು ಹೋಗಿ 8 ಸಾಲು ಮಿಕ್ಕುತ್ತೆ, ರವಿಕೆ ಬಟ್ಟೆ ಹೊಲಿದ ಮೇಲೆ ಅಂಚು ಮಿಕ್ಕಂಗೆ. ಆ ಅಂಚನ್ನ ಕತ್ತರಿಸ್ಬೇಕು, ಇಲ್ಲ ಮತ್ತೆ ಅಡುಗೆ ಮಾಡ್ಬೇಕು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕೆಲವು ಫೋಟೋ ತಿರುಗಿಸೋವಾಗ ಗುಣಮಟ್ಟ ಶಾಶ್ವತವಾಗಿ ಕಮ್ಮಿ ಆಗ್ಬಹುದು ಅಂತ ಎಚ್ಚರಿಕೆ ಕೊಡ್ತಿತ್ತು, ನೆನಪಿದ್ಯಾ? ಇದೇ ಕಾರಣಕ್ಕೆ. ಯಾರು ಓದಿದ್ವಿ, ಎಲ್ಲರೂ ಹೂಂ ಒತ್ತಿದ್ವಿ.

ಈಗಿನ ಫೋನುಗಳದ್ದು ಬೇರೇನೇ ಉಪಾಯ. ಚಿತ್ರಾನ ಮುಟ್ಟೋದೇ ಇಲ್ಲ, ಫೋಟೋ ಒಳಗೆ ಗುಟ್ಟಾಗಿ ಒಂದು ಅಂಕಿ ಬರೆದಿಡುತ್ವೆ. ಎಕ್ಸಿಫ್ ಅಂತ ಜಪಾನಿನವರು 1995ರಲ್ಲಿ ತಂದ ಏರ್ಪಾಡು. 1 ಅಂದ್ರೆ ಇದ್ದಂಗೇ ತೋರ್ಸು, 6 ಅಂದ್ರೆ ಬಲಕ್ಕೆ ಕಾಲು ಸುತ್ತು ತಿರುಗಿಸಿ ತೋರ್ಸು, 3 ಅಂದ್ರೆ ತಲೆಕೆಳಗು. ಅಂಕಿ ಓದೋ ಪ್ರೋಗ್ರಾಮಲ್ಲಿ ಮೊಮ್ಮಗು ನೆಟ್ಟಗೆ ನಿಂತಿರುತ್ತೆ, ಓದದೇ ಇರೋದ್ರಲ್ಲಿ ಮಲಗಿರುತ್ತೆ. "ನನ್ ಫೋನಲ್ಲಿ ಸರಿಯಾಗೇ ಇದೆಯಲ್ಲ" ಅಂತ ಅಕ್ಕತಂಗೀರು ಜಗಳ ಆಡೋದು ಇದ್ರಿಂದಾನೇ.

ಅದಕ್ಕೇ ಫೋಟೋ ಯಾವ್ದರಲ್ಲಿ ತೆರ್ಕೊಳ್ಳುತ್ತೆ ಅನ್ನೋದನ್ನ ನಾವೇ ಗೊತ್ತು ಮಾಡ್ಬೇಕು. ನನ್ನ ಅನಾಹುತ ಅರ್ಧ ಆಗಿದ್ದೇ ಆ ಸಿಡಿ ಪ್ರೋಗ್ರಾಮು ಕೇಳದೇ ಬಂದು ಯಜಮಾನಿಕೆ ಮಾಡಿದ್ದಕ್ಕೆ. ವಿಂಡೋಸಲ್ಲಿ ಫೋಟೋ ಮೇಲೆ ಮೌಸಿನ ಬಲಗಡೆ ಒತ್ತಿ, 'ಓಪನ್ ವಿತ್', ಆಮೇಲೆ 'ಚೂಸ್ ಅನದರ್ ಆ್ಯಪ್', ಬೇಕಾದ್ದನ್ನ ಆರಿಸಿ 'ಆಲ್ವೇಸ್' ಅನ್ನಿ. ಜೆಪಿಜಿಗೆ ಒಂದು ಸಲ, ಪಿಎನ್‌ಜಿಗೆ ಇನ್ನೊಂದು ಸಲ, ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ಕೇಳಿಸಲ್ಲ. ಆಂಡ್ರಾಯ್ಡ್ ಫೋನಲ್ಲಿ 'ಜಸ್ಟ್ ಒನ್ಸ್', 'ಆಲ್ವೇಸ್' ಅಂತ ಕೇಳಿದಾಗ ಗಾಬರೀಲಿ ಎರಡನೇದು ಒತ್ತಿದ್ರೆ, ಸೆಟ್ಟಿಂಗ್ಸಲ್ಲಿ ಆ ಆ್ಯಪ್ ಹುಡುಕಿ 'ಓಪನ್ ಬೈ ಡಿಫಾಲ್ಟ್' ಒಳಗೆ ಹೋಗಿ ಅಳಿಸಿ. ವಾಟ್ಸಾಪಲ್ಲಿ ಒಳ್ಳೇ ಫೋಟೋ ಕಳಿಸೋವಾಗ 'ಡಾಕ್ಯುಮೆಂಟ್' ಅಂತ ಕಳಿಸಿ, ಇಲ್ಲಾಂದ್ರೆ ಅದೂ ಒಂದ್ ಸಲ ಅಡುಗೆ ಮಾಡುತ್ತೆ.

ಇಷ್ಟೆಲ್ಲ ಕಲಿತ್ರೂ ಅಮ್ಮನ ಮುಖ ವಾಪಸ್ ಬರಲ್ವಲ್ಲ. ಬಿಟ್ಟೋದ ಚಿಟಿಕೇನ ಯಾವ ಪ್ರೋಗ್ರಾಮೂ ತಂದುಕೊಡಲ್ಲ ಅಂದ ಅಕ್ಕನ ಮಗ. ವೈಕುಂಠ ಸಮಾರಾಧನೆಗೆ ಮದುವೆ ಆಲ್ಬಮ್ಮಿಂದ ಬೇರೆ ಫೋಟೋ ತೆಗೆದು ಇಟ್ವಿ. ಅಮ್ಮ ಅದರಲ್ಲಿ ಅಮ್ಮನಂಗೇ ಇರ್ಲಿಲ್ಲ.

ವರ್ಷದ ತಿಥಿಗೆ ಮಾಲೂರಿಂದ ದೊಡ್ಡಕ್ಕ ಬಂದಾಗ ಮಾತಿಗೆ ಹೇಳ್ದೆ. "ಅಯ್ಯೋ, ಆ ಹಬ್ಬದ ಫೋಟೋಗಳ್ನ ಆಗ್ಲೇ ಸಿಡಿ ಮಾಡಿ ಕೊಟ್ಟಿದ್ಯಲ್ಲೇ, ಬೀರೂಲಿ ರೇಷ್ಮೆ ಸೀರೆ ಕೆಳಗಿದೆ" ಅಂದ್ಲು. ನಂಗೆ ಮರೆತೇ ಹೋಗಿತ್ತು. ಸಿಡಿ ಬಂತು, ಹಾಕೋಕೆ ನಮ್ಮ ಲ್ಯಾಪ್‌ಟಾಪಲ್ಲಿ ಜಾಗ ಇಲ್ಲ. ರೈಲ್ವೆ ಗೇಟಿನ ಆಚೆ ಮನೆಯವರ ಹತ್ರ ಹಳೇ ಕಂಪ್ಯೂಟರ್ ಇತ್ತು. ಗೇಟು ಹಾಕಿ ಅರ್ಧ ಗಂಟೆ ನಿಂತ್ವಿ, ಅಕ್ಕ ಸಿಡೀನ ಸೆರಗಲ್ಲಿ ಸುತ್ತಿ ಹಿಡ್ಕೊಂಡಿದ್ಲು.

ತೆರ್ಕೊಂಡ್ತು. ಅಮ್ಮ ಅಡ್ಡ ಮಲಗಿದ್ರು. 900 ಕೆಬಿ, ಪೂರ್ತಿ. ಮೂಗುಬೊಟ್ಟು ಹೊಳೀತಿತ್ತು. ಇಷ್ಟು ವರ್ಷ ಯಾಕೇ ತಿರುಗಿಸ್ಲಿಲ್ಲ ಅಂತ ಅಕ್ಕನ್ನ ಕೇಳ್ದೆ. "ನಂಗೆಲ್ಲಿ ಬರುತ್ತೆ ಅದೆಲ್ಲ. ನೋಡ್ಬೇಕು ಅನ್ಸಿದಾಗ ನನ್ ಕತ್ತನ್ನೇ ವಾಲಿಸಿ ನೋಡ್ತಿದ್ದೆ" ಅಂದ್ಲು.

ಮೊದಲು ಮೂರು ಕಡೆ ಕಾಪಿ ಮಾಡಿಸ್ದೆ. ಆಮೇಲೆ ಒಂದು ಕಾಪೀನ ಮಾತ್ರ, ಲಾಸ್‌ಲೆಸ್ ಅಂತ ಎರಡು ಸಲ ಓದಿ, ಬಲಕ್ಕೆ ತಿರುಗಿಸಿದ್ವಿ.